ಭಾವನವರಿಗೆ ಹೆಪಟೈಟಿಸ್ ಸಿ ತಗುಲಿದೆ: ಎಲ್ಲಿಂದ ಬಂದಿರಬಹುದು, ಅವರನ್ನು ಹೇಗೆ ಕೇಳಬೇಕು?

ಮುದ್ದೇಬಿಹಾಳ ಮಾಸ್ತರ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಯಜಮಾನರು ಮುಧೋಳ ತಾಲ್ಲೂಕಿನ ರೈತರು. ಸ್ವಂತ ಟ್ರ್ಯಾಕ್ಟರ್ ಇರುವುದರಿಂದ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾರೆ. ಕಳೆದ ತಿಂಗಳು ಅವರಿಗೆ ವಿಪರೀತ ಸುಸ್ತಾಯಿತು, ಊಟ ಸೇರದಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು, ಆಮೇಲೆ ಕಣ್ಣು ಹಳದಿಯಾದವು. ಊರಿನವರೆಲ್ಲ ಕಾಮಣಿ (ಕಾಮಾಲೆ) ಎಂದರು, ಬೇರಿನ ಔಷಧ ಕೊಡಿಸಿದರು. ವಾರವಾದರೂ ಇಳಿಯದಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಲಿವರ್‌ಗೆ ಆದ ಹಾನಿಯನ್ನು ತೋರಿಸುವ ಎಸ್‌ಜಿಪಿಟಿ ಸಾವಿರದ ಹತ್ತಿರ ಇತ್ತು. ಹೆಪಟೈಟಿಸ್ ಎ, ಬಿ, ಇ ಯಾವುದೂ ಇರಲಿಲ್ಲ. ಸಿ ವೈರಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಮತ್ತು ವೈರಾಣುವಿನದೇ ಅಂಶವಾದ ಆರ್‌ಎನ್‌ಎ ಎರಡೂ ಪಾಸಿಟಿವ್ ಬಂದವು. ನಾಲ್ಕೈದು ತಿಂಗಳ ಹಿಂದೆ ಶಿಬಿರದಲ್ಲಿ ರಕ್ತದಾನ ಮಾಡಿದ್ದಾಗ ಯಾವ ದೋಷವೂ ಕಂಡಿರಲಿಲ್ಲವಾದ್ದರಿಂದ, ಇದು ಹೊಸದಾಗಿ ತಗುಲಿದ ತೀವ್ರ ಹಂತದ ಸೋಂಕು ಎಂದು ವೈದ್ಯರು ಹೇಳಿದರು.

ತೊಂದರೆಯಾದದ್ದು ಆಮೇಲೆ. ವೈದ್ಯರು ನಮ್ಮೆಲ್ಲರ ಎದುರಿಗೇ ಪ್ರಶ್ನೆ ಕೇಳತೊಡಗಿದರು: ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುತ್ತೀರಾ, ಬೇರೆ ಹೆಂಗಸರ ಸಂಪರ್ಕ ಇದೆಯೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಜೈಲಿಗೆ ಹೋಗಿದ್ದಿರಾ ಎಂದು. ಎರಡನೆಯ ಪ್ರಶ್ನೆಗೇ ಅಕ್ಕ ತಲೆ ತಗ್ಗಿಸಿದಳು, ಭಾವನವರು ಎದ್ದು ಹೊರಗೆ ಹೋದರು. ಈಗ ಮನೆಯಲ್ಲಿ ಅವರ ತಟ್ಟೆ, ಲೋಟ, ಹಾಸಿಗೆ ಎಲ್ಲವೂ ಬೇರೆಯಾಗಿವೆ. ಯಾರೂ ಬಾಯಿಬಿಟ್ಟು ಮಾತನಾಡುತ್ತಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿಯೂ ಒಂದೇ ಪ್ರಶ್ನೆ ಇದೆ: ಇವರು ಏನು ಮಾಡಿಕೊಂಡು ಬಂದರು?

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಈ ಸೋಂಕು ತಗುಲುವ ದಾರಿಗಳು ಯಾವುವು, ಅವರನ್ನು ನೋಯಿಸದೆ ಕೇಳುವುದು ಹೇಗೆ, ಮನೆಯಲ್ಲಿ ಯಾರಿಗೆ ಪರೀಕ್ಷೆ ಮಾಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಜಮಖಂಡಿ ಸಿಸ್ಟರ್

ಮಾಸ್ತರರೇ, ಮೊದಲು ಆ ತಟ್ಟೆಯನ್ನು ಮನೆಯ ಉಳಿದ ತಟ್ಟೆಗಳ ಜೊತೆ ಸೇರಿಸಿಬಿಡಿ. ಹೆಪಟೈಟಿಸ್ ಸಿ ಊಟದಿಂದ, ನೀರಿನಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಬರುವುದಿಲ್ಲ. ಸೋಂಕಿರುವವರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಿದಾಗ ಮಾತ್ರ ಅದು ದಾಟುತ್ತದೆ, ಮತ್ತು ಅದಕ್ಕೆ ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕಾಗುತ್ತದೆ. ಆದ್ದರಿಂದ ಮನೆಯಲ್ಲಿ ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಮತ್ತು ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಪೆನ್, ಇಷ್ಟೇ.

ಈ ಸೋಂಕು ಒಳಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಎರಡು ವಾರದಿಂದ ಆರು ತಿಂಗಳವರೆಗೆ ಹಿಡಿಯುತ್ತದೆ. ಹಾಗಾಗಿ ಲಕ್ಷಣ ಕಂಡ ದಿನದಿಂದ ಹಿಂದಕ್ಕೆ ಆರು ತಿಂಗಳ ಲೆಕ್ಕ ತೆಗೆಯಬೇಕು. ಹೊಸದಾಗಿ ಸೋಂಕು ತಗುಲಿದ ನೂರರಲ್ಲಿ ಸುಮಾರು ಎಂಬತ್ತು ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ನಿಮ್ಮ ಭಾವನವರಿಗೆ ಕಣ್ಣು ಹಳದಿಯಾದದ್ದರಿಂದ ಇಷ್ಟು ಬೇಗ ಗೊತ್ತಾಯಿತು, ಇದನ್ನು ಅವರ ಅದೃಷ್ಟವೆಂದೇ ನಾನು ಭಾವಿಸುತ್ತೇನೆ. ಉಳಿದವರಲ್ಲಿ ಕೆಲವರಿಗೆ ಇಪ್ಪತ್ತು ವರ್ಷಗಳ ನಂತರ ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದಾಗ ತಿಳಿಯುತ್ತದೆ.

ಕೇಳುವ ಬಗೆಯ ಕುರಿತು ನನ್ನ ಮಾತು ಇಷ್ಟೇ. "ನೀವು ಏನು ಮಾಡಿದಿರಿ" ಎಂದು ಆರಂಭಿಸಬೇಡಿ. "ಈ ಆರು ತಿಂಗಳಲ್ಲಿ ನಿಮ್ಮ ಚರ್ಮವನ್ನು ಯಾವ ಯಾವ ಸೂಜಿ, ಬ್ಲೇಡು, ಉಪಕರಣ ದಾಟಿದೆ" ಎಂದು ಆರಂಭಿಸಿ.

ಸಿಂದಗಿ ರೈತ

ಕಾಮಣಿಗೆ ನಮ್ಮ ಊರಿನಲ್ಲಿ ಮೂರು ದಿನ ಹಾಲಿನಲ್ಲಿ ನೆಲನೆಲ್ಲಿ ಕೊಡುತ್ತಾರೆ, ನೂರಾರು ಜನರಿಗೆ ಗುಣವಾಗಿದೆ. ಒಮ್ಮೆ ಕರೆದುಕೊಂಡು ಬನ್ನಿ.

ಬಾಗಲಕೋಟೆ ಲ್ಯಾಬ್

ಸಿಂದಗಿ ಅಣ್ಣಾವರೇ, ನಿಮ್ಮ ಕಾಳಜಿ ದೊಡ್ಡದು, ಆದರೆ ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ನಮ್ಮ ಕಡೆ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಊರಿಗೆ ಊರೇ ಕಾಮಣಿಯಾಗುವುದು ಬಹುಮಟ್ಟಿಗೆ ಕೊಳಕು ನೀರಿನಿಂದ ಬರುವ ಎ ಅಥವಾ ಇ ವೈರಾಣುವಿನಿಂದ. ಅವು ಹೆಚ್ಚಿನವರಲ್ಲಿ ತಾವಾಗಿಯೇ ಹೋಗುತ್ತವೆ, ಆ ಹೊತ್ತಿನಲ್ಲಿ ಯಾವ ಔಷಧ ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಸಿ ಹಾಗಲ್ಲ. ಇದರಲ್ಲಿ ಕಣ್ಣಿನ ಹಳದಿ ಇಳಿದರೂ ವೈರಾಣು ರಕ್ತದಲ್ಲಿಯೇ ಉಳಿದಿರಬಹುದು. ಸುಮಾರು 30 ಪ್ರತಿಶತ ಜನರಲ್ಲಿ ಮಾತ್ರ ಅದು ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ, ಉಳಿದವರಲ್ಲಿ ನೆಲೆಯೂರುತ್ತದೆ. ಹಳದಿ ಹೋಯಿತೆಂದು ಪರೀಕ್ಷೆಯನ್ನು ಬಿಟ್ಟುಬಿಡುವುದೇ ಇಲ್ಲಿ ಅಪಾಯ.

ಮಾಸ್ತರರೇ, ನಿಮಗೆ ತುರ್ತಾಗಿ ಹೇಳಬೇಕಾದದ್ದು ಇನ್ನೊಂದಿದೆ. ಭಾವನವರು ರಕ್ತದಾನ ಮಾಡಿದ ದಿನ ಪರೀಕ್ಷೆ ಸರಿಯಾಗಿತ್ತು ಎಂದಿರಿ. ಸೋಂಕು ತಗುಲಿದ ಒಂದೆರಡು ವಾರದಲ್ಲಿ ಆರ್‌ಎನ್‌ಎ ಪತ್ತೆಯಾಗುತ್ತದೆ, ಆದರೆ ಪ್ರತಿಕಾಯ ಕಾಣಲು ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ಆ ರಕ್ತಕ್ಕೆ ಪ್ರತಿಕಾಯದ ಪರೀಕ್ಷೆಯನ್ನು ಮಾತ್ರ ಮಾಡಿದ್ದರೆ, ಅಂದು ಸೋಂಕು ಆಗಲೇ ಇದ್ದೂ ಕಾಣದೆ ಹೋಗಿರುವ ಸಾಧ್ಯತೆ ಸ್ವಲ್ಪವಾದರೂ ಇದೆ. ಶಿಬಿರ ನಡೆಸಿದ ರಕ್ತ ಕೇಂದ್ರಕ್ಕೆ ಇವತ್ತೇ ತಿಳಿಸಿ. ಆ ರಕ್ತ ಯಾರಿಗೆ ಹೋಯಿತೋ ಅವರನ್ನು ಹುಡುಕಿ ಪರೀಕ್ಷಿಸಲು ಅವರಿಗೆ ಸಾಧ್ಯವಾಗುತ್ತದೆ. ಇನ್ನು ಮುಂದೆ ಭಾವನವರು, ಗುಣವಾದ ಮೇಲೂ, ರಕ್ತದಾನ ಮಾಡುವಂತಿಲ್ಲ.

ಅಥಣಿ ಕಬ್ಬು

ಮಾಸ್ತರರು ಕಬ್ಬಿನ ಟ್ರ್ಯಾಕ್ಟರ್ ಎಂದ ಕೂಡಲೇ ನನಗೆ ಹೊಳೆದದ್ದು ಹಂಗಾಮಿನ ಇಂಜೆಕ್ಷನ್. ಕಬ್ಬು ಕಡಿಯುವ ಗ್ಯಾಂಗಿನವರು, ಲೋಡ್ ಹೇರುವವರು, ಡ್ರೈವರ್‌ಗಳು ಒಂದು ದಿನವೂ ಮಲಗುವಂತಿಲ್ಲ, ಮಲಗಿದರೆ ಪಾಳಿ ತಪ್ಪುತ್ತದೆ. ಸೊಂಟ ಹಿಡಿದರೆ, ಜ್ವರ ಬಂದರೆ ಸಂಜೆ ಊರಿನ ಡಾಕ್ಟರ್ ಎನಿಸಿಕೊಂಡವರ ಬಳಿ ಹೋಗಿ ಸೂಜಿ ಮಾಡಿಸಿಕೊಂಡು, ಸಲಾಯಿನ್ ಹಚ್ಚಿಸಿಕೊಂಡು ಬೆಳಿಗ್ಗೆ ಮತ್ತೆ ಹೊಲಕ್ಕೆ ಇಳಿಯುತ್ತಾರೆ. ಮಾತ್ರೆ ಬರೆದುಕೊಟ್ಟರೆ ಅದು ಔಷಧವೆಂದೇ ಜನ ಒಪ್ಪುವುದಿಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ಕೋಣೆಯಲ್ಲಿ ಸಾಲಾಗಿ ಜನ ಕುಳಿತಿದ್ದರು. ಸೂಜಿಯನ್ನೇನೋ ಆತ ಬದಲಿಸುತ್ತಿದ್ದ, ಆದರೆ ಸಿರಿಂಜು ಅದೇ ಇತ್ತು, ಔಷಧ ಎಳೆಯುತ್ತಿದ್ದ ಬಾಟಲಿಯೂ ಒಂದೇ ಇತ್ತು. ಸೂಜಿ ಹೊಸದಾದರೆ ಸಾಕು ಎಂದು ಅಲ್ಲಿದ್ದವರೆಲ್ಲ ನಂಬಿದ್ದರು. ಇದು ಸರಿಯೇ, ಸಿಸ್ಟರ್?

ಜಮಖಂಡಿ ಸಿಸ್ಟರ್

ಖಂಡಿತ ಸರಿಯಲ್ಲ. ಚುಚ್ಚಿದ ಮೇಲೆ ಸೂಜಿಯ ಮೂಲಕ ಅತಿ ಸಣ್ಣ ಪ್ರಮಾಣದ ರಕ್ತ ಸಿರಿಂಜಿನೊಳಗೆ ಹಿಂದಕ್ಕೆ ಬರುತ್ತದೆ. ಸೂಜಿ ಬದಲಿಸಿ ಅದೇ ಸಿರಿಂಜನ್ನು ಬಾಟಲಿಗೆ ಇಳಿಸಿದರೆ ಬಾಟಲಿಯೇ ಕೆಡುತ್ತದೆ. ಆಮೇಲೆ ಬಂದವನಿಗೆ ಹೊಚ್ಚಹೊಸ ಸೂಜಿ, ಹೊಚ್ಚಹೊಸ ಸಿರಿಂಜು ಬಳಸಿದರೂ ಅವನಿಗೆ ಹೋಗುವುದು ಆ ಕೆಟ್ಟ ಔಷಧವೇ. ರೋಗಿಗೆ ಇದು ಕಾಣುವುದೇ ಇಲ್ಲ. "ನನ್ನೆದುರಿಗೇ ಪ್ಯಾಕೆಟ್ ಒಡೆದರು" ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಪ್ರಯೋಗಾಲಯದ ಅಧ್ಯಯನವೊಂದರಲ್ಲಿ ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಈ ವೈರಾಣು 63 ದಿನಗಳವರೆಗೆ ಜೀವಂತವಾಗಿತ್ತು. ಸ್ಪಿರಿಟ್ ಹತ್ತಿಯಿಂದ ಸೂಜಿಯ ಹೊರಮೈ ಒರೆಸಿದರೆ ಒಳಗಿನ ರಕ್ತಕ್ಕೆ ಏನೂ ಆಗುವುದಿಲ್ಲ.

ಗೋಳಗುಮ್ಮಟ ನೆರಳು

ಎಲ್ಲರೂ ಊರಿನ ವೈದ್ಯನ ಮೇಲೆ ಹೊರಿಸಲು ಆತುರಪಡುತ್ತಿದ್ದೀರಿ ಎಂದು ನನಗೆ ಅನಿಸುತ್ತಿದೆ. ಆ ಆಸ್ಪತ್ರೆಯ ವೈದ್ಯರು ಕೇಳಿದ ಪ್ರಶ್ನೆಗಳಲ್ಲಿ ಒಂದೂ ತಪ್ಪಿಲ್ಲ. ಅಮೆರಿಕದಲ್ಲಿ ಹೊಸ ಹೆಪಟೈಟಿಸ್ ಸಿ ಪ್ರಕರಣಗಳನ್ನು ವಿಚಾರಿಸಿದಾಗ ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ ನಶೆಯ ಇಂಜೆಕ್ಷನ್ ಹಂಚಿಕೊಳ್ಳುವುದು. ನಮ್ಮ ದೇಶದಲ್ಲಿಯೂ ಪಂಜಾಬ್, ಮಣಿಪುರ, ಮಿಜೋರಾಂಗಳಲ್ಲಿ ಇದೇ ದೊಡ್ಡ ದಾರಿ. ನಮ್ಮ ಕಡೆಯ ಹುಡುಗರು ಇದರಿಂದ ದೂರ ಎಂದು ನಾವು ಏಕೆ ಅಂದುಕೊಳ್ಳಬೇಕು? ನೋವಿನ ಮಾತ್ರೆಯನ್ನು ಪುಡಿಮಾಡಿ ಕರಗಿಸಿ ಚುಚ್ಚಿಕೊಳ್ಳುವವರಿದ್ದಾರೆ. ಜಿಮ್‌ಗಳಲ್ಲಿ ಮೈ ಉಬ್ಬಿಸಲು ಒಂದೇ ಬಾಟಲಿಯಿಂದ ನಾಲ್ಕು ಹುಡುಗರು ಸ್ಟೀರಾಯ್ಡ್ ಎಳೆದುಕೊಳ್ಳುವುದನ್ನು ನಾನೇ ಕೇಳಿ ಬಲ್ಲೆ. ನಾಚಿಕೆಯ ಪ್ರಶ್ನೆಯನ್ನು ಮರೆಮಾಡಿ "ಚರ್ಮ ದಾಟಿದ ಸೂಜಿ" ಎಂದು ಸುತ್ತಿ ಬಳಸಿ ಕೇಳಿದರೆ ನಿಜವಾದ ಉತ್ತರ ತಪ್ಪಿಹೋಗುತ್ತದೆ.

ಇಳಕಲ್ ಅಕ್ಕ

ಸರ್, ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ, ಇನ್ನರ್ಧವನ್ನು ಒಪ್ಪುವುದಿಲ್ಲ. ಆ ಪ್ರಶ್ನೆಗಳನ್ನು ಕೇಳಲೇಬೇಕು, ಆದರೆ ಹೆಂಡತಿಯ, ಮೈದುನನ ಎದುರಿಗೆ ಕೇಳಿದರೆ ಬರುವ ಉತ್ತರ ಒಂದೇ: "ಇಲ್ಲ". ಇಂತಹ "ಇಲ್ಲ" ಯಾರ ಉಪಯೋಗಕ್ಕೂ ಬರುವುದಿಲ್ಲ.

ನಾನು ಹಿಂದೆ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಎಚ್‌ಐವಿ ಕುರಿತು ಕೆಲಸ ಮಾಡಿದ್ದೇನೆ. 2000ದ ದಶಕದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ಎಷ್ಟು ಹೆಚ್ಚಿತ್ತೆಂಬುದು ಇಲ್ಲಿನ ಹಿರಿಯರಿಗೆ ನೆನಪಿದೆ. ಆಗ "ಇವರು ಏನು ಮಾಡಿಕೊಂಡು ಬಂದರು" ಎಂಬ ಒಂದೇ ಪ್ರಶ್ನೆಯಿಂದ ಎಷ್ಟೋ ಹೆಣ್ಣುಮಕ್ಕಳು, ಗಂಡನಿಂದಲೇ ಸೋಂಕು ಬಂದವರು, ತವರಿಗೂ ಬೇಡವಾಗಿ ಹೋದರು. ಜನ ಪರೀಕ್ಷೆಗೆ ಹೆದರಿ ಓಡಿದರು. ಕೊನೆಗೆ ಕೆಲಸ ಮಾಡಿದ್ದು ಬಾಗಿಲು ಹಾಕಿದ ಕೋಣೆ, ಒಬ್ಬರೇ ಆಪ್ತಸಮಾಲೋಚಕರು, ಬರೆದದ್ದು ಹೊರಗೆ ಹೋಗುವುದಿಲ್ಲವೆಂಬ ಭರವಸೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಹೀಗೆ ಕೇಳುವುದನ್ನು ಕಲಿತ ಸಮಾಲೋಚಕರಿದ್ದಾರೆ. ಮಾಸ್ತರರೇ, ಭಾವನವರೊಬ್ಬರನ್ನೇ ಅಂಥವರ ಬಳಿ ಕಳಿಸಿ, ನೀವು ಹೊರಗೆ ಕುಳಿತುಕೊಳ್ಳಿ. ಒಂದು ವೇಳೆ ಅವರು ನಶೆಯ ಸೂಜಿ ಬಳಸಿದ್ದರೂ ಅವರಿಗೆ ಬೇಕಾದದ್ದು ಚಿಕಿತ್ಸೆ. ಹೊಸ ಸಿರಿಂಜು ಒದಗಿಸುವ, ನಶೆ ಬಿಡಿಸಲು ಬದಲಿ ಔಷಧ ಕೊಡುವ ವ್ಯವಸ್ಥೆಯನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ನಡೆಸುತ್ತದೆ. ಸೂಜಿಯೊಂದೇ ಅಲ್ಲ, ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಇವುಗಳನ್ನು ಹಂಚಿಕೊಂಡರೂ ಸೋಂಕು ದಾಟುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕು.

ಗೋಳಗುಮ್ಮಟ ನೆರಳು

ಎಲ್ಲರೆದುರು ಕೇಳಿದ್ದು ಸರಿಯಲ್ಲ ಎಂಬುದನ್ನು ಒಪ್ಪುತ್ತೇನೆ, ಅಕ್ಕಾವರೇ. ಕೇಳಬೇಕು ಎಂಬ ನನ್ನ ಮಾತು ಮಾತ್ರ ಹಾಗೆಯೇ ಇರಲಿ.

ಬಾದಾಮಿ ಭಕ್ತ

ಆಸ್ಪತ್ರೆಯ ಪಟ್ಟಿಯಲ್ಲಿ ಇರಲಾರದ ಒಂದನ್ನು ನಾನು ಸೇರಿಸುತ್ತೇನೆ. ನಮ್ಮ ಮನೆತನದ ದೇವರು ವೀರಭದ್ರ. ಮದುವೆಗೆ ಮುಂಚೆ ಗುಗ್ಗಳ ಎಂಬ ಮೆರವಣಿಗೆ ತೆಗೆಯುತ್ತೇವೆ. ವೀರಭದ್ರನ ಸೇವೆಯ ಪುರವಂತರು ಒಡಪು ಹೇಳುತ್ತಾರೆ, ಹರಕೆ ಹೊತ್ತವರು ಗಲ್ಲಕ್ಕೆ ಶಸ್ತ್ರ (ಚೂಪಾದ ಲೋಹದ ಕಡ್ಡಿ) ಚುಚ್ಚಿ ಹಾಕಿಸಿಕೊಳ್ಳುತ್ತಾರೆ. ಕೆಲವು ಕಡೆ ಒಬ್ಬರ ಗಲ್ಲದಿಂದ ತೆಗೆದ ಶಸ್ತ್ರಕ್ಕೆ ವಿಭೂತಿ ಒರೆಸಿ ಇನ್ನೊಬ್ಬರಿಗೆ ಹಾಕುವುದನ್ನು ನೋಡಿದ್ದೇನೆ. ದಾರವಾದರೆ ಸಾಲು ಜನರ ಗಲ್ಲವನ್ನು ದಾಟಿ ಹೋಗುತ್ತದೆ. ಇದರಿಂದ ಸೋಂಕು ಬರುವುದು ಸಾಧ್ಯವೇ ಎಂದು ಭಯದಿಂದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಕೊಡೇಕಲ್ ದಾರಿ

ನೂರಾರು ವರ್ಷದಿಂದ ನಡೆದು ಬಂದ ಸೇವೆ ಅದು. ಶಸ್ತ್ರ ಹಾಕಿಸಿಕೊಂಡವರಿಗೆ ರಕ್ತವೇ ಬರುವುದಿಲ್ಲ ಎಂದು ನಾವು ಕಂಡಿದ್ದೇವೆ. ದೇವರ ಕಾರ್ಯವನ್ನು ಇಂತಹ ಕಾಯಿಲೆಯ ಪಟ್ಟಿಗೆ ಸೇರಿಸುವುದು ನನಗೆ ನೋವು ತರುತ್ತದೆ.

ಜಮಖಂಡಿ ಸಿಸ್ಟರ್

ಅಣ್ಣಾವರೇ, ನಮ್ಮ ಮನೆಯಲ್ಲಿಯೂ ಗುಗ್ಗಳ ತೆಗೆಯುತ್ತಾರೆ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ರಕ್ತ ಹರಿಯದಿದ್ದರೂ ಶಸ್ತ್ರದ ಮೇಲೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿದೇ ಉಳಿಯುತ್ತದೆ, ಅಷ್ಟು ಸಾಕು. ಯಾರಿಗೆ ಸೋಂಕಿದೆ ಎಂಬುದು ಹರಕೆ ಹೊತ್ತವರಿಗೇ ಗೊತ್ತಿರುವುದಿಲ್ಲ. ಸೇವೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೊಸ ಶಸ್ತ್ರ ಮಾಡಿಸಿ, ಹಿಂದಿನ ದಿನವೇ ಯಾವುದಾದರೂ ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯ ಯಂತ್ರದಲ್ಲಿ) ಶುದ್ಧಮಾಡಿಸಿ, ಹೆಸರು ಬರೆದು ಬೇರೆ ಬೇರೆ ಕಟ್ಟಿಡಿ. ದಾರವನ್ನು ಇಬ್ಬರಿಗೆ ದಾಟಿಸಬೇಡಿ. ಕೇಳಿದರೆ ಪುರವಂತರು ಒಪ್ಪುತ್ತಾರೆ. ನಮ್ಮ ಊರಿನಲ್ಲಿ ಒಪ್ಪಿದ್ದಾರೆ.

ಇದೇ ಮಾತು ಜಾತ್ರೆಯ ಹಚ್ಚೆಗೂ ಅನ್ವಯಿಸುತ್ತದೆ. ಬನಶಂಕರಿ, ಸವದತ್ತಿ, ಸಿದ್ಧೇಶ್ವರ ಜಾತ್ರೆಗಳಲ್ಲಿ ಬ್ಯಾಟರಿ ಯಂತ್ರ ಹಿಡಿದು ಕುಳಿತವರ ಬಳಿ ಸೂಜಿಯ ಜೊತೆಗೆ ಬಣ್ಣದ ಬಟ್ಟಲನ್ನೂ ನೋಡಬೇಕು, ಏಕೆಂದರೆ ಸೂಜಿ ಬದಲಾದರೂ ಬಣ್ಣ ಅದೇ ಬಟ್ಟಲಿನದಾಗಿರುತ್ತದೆ. ಪತ್ತಾರರು ಮಕ್ಕಳ ಕಿವಿ ಚುಚ್ಚುವಾಗ, ಬ್ಲೇಡಿನಿಂದ ಗೀರಿ ರಕ್ತ ತೆಗೆಯುವ ಹಿಜಾಮಾ ಮಾಡಿಸಿಕೊಳ್ಳುವಾಗ, ರಸ್ತೆ ಬದಿಯಲ್ಲಿ ಹಲ್ಲು ಕೀಳಿಸುವಾಗಲೂ ಅಷ್ಟೇ.

ಕೊಡೇಕಲ್ ದಾರಿ

ಒಬ್ಬರಿಗೆ ಒಂದು ಶಸ್ತ್ರ ಎಂಬುದನ್ನು ನಾನು ವಿರೋಧಿಸುವುದಿಲ್ಲ. ಹಿರಿಯರ ಜೊತೆ ಮಾತನಾಡುತ್ತೇನೆ.

ಶಾಪೂರ ಗಲ್ಲಿ ಸಲೂನ್, ಬೆಳಗಾವಿ

ನಾನು ವೃತ್ತಿಯಿಂದ ಕ್ಷೌರಿಕ. ಇಲ್ಲಿಯವರೆಗೆ ಯಾರೂ ನಮ್ಮನ್ನು ಹೆಸರಿಸದಿದ್ದರೂ ಮುಂದೆ ಹೆಸರಿಸುತ್ತೀರಿ ಎಂದು ಗೊತ್ತು, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಈಗ ಬಹಳಷ್ಟು ಅಂಗಡಿಗಳಲ್ಲಿ ಒಬ್ಬ ಗಿರಾಕಿಗೆ ಅರ್ಧ ಬ್ಲೇಡು, ಆಮೇಲೆ ಅದನ್ನು ಎಸೆಯುವ ಪದ್ಧತಿ ಇದೆ. ಎಚ್‌ಐವಿಯ ಭಯ ನಮಗೆ ಇದನ್ನು ಕಲಿಸಿತು. ಆದರೆ ಗಾಯವಾದಾಗ ತಿಕ್ಕುವ ಪಟಿಕದ ಕಲ್ಲನ್ನು ಯಾರೂ ಯೋಚಿಸುವುದಿಲ್ಲ. ಒಬ್ಬರ ಕೆನ್ನೆಯ ರಕ್ತ ಹತ್ತಿದ ಅದೇ ಕಲ್ಲನ್ನು ಇನ್ನೊಬ್ಬರ ಗಾಯಕ್ಕೆ ತಿಕ್ಕುತ್ತಾರೆ. ನಾನು ಕಲ್ಲನ್ನು ತೆಗೆದು, ಪಟಿಕದ ಪುಡಿಯನ್ನು ಹೊಸ ಹತ್ತಿಯಲ್ಲಿ ಹಚ್ಚುತ್ತೇನೆ. ಕಾರ್ಖಾನೆಗಳ ಮುಂದೆ, ಸಂತೆಗಳಲ್ಲಿ ಕುರ್ಚಿ ಹಾಕಿ ಕೆಲಸ ಮಾಡುವ ನಮ್ಮ ಬಡ ಬಂಧುಗಳಿಗೆ ನೀರೂ ಸಿಗುವುದಿಲ್ಲ, ಅವರನ್ನು ಬೈಯುವ ಮೊದಲು ಗಿರಾಕಿಗಳು ಒಂದು ಬ್ಲೇಡಿನ ಹಣ ಹೆಚ್ಚು ಕೊಡಲಿ. ಹೊಸ ಬ್ಲೇಡು ಹಾಕಿ ಎಂದು ಕೇಳಿದರೆ ನಮಗೆ ಅವಮಾನವಾಗುವುದಿಲ್ಲ, ದಯವಿಟ್ಟು ಕೇಳಿ.

ಗೋಕಾಕ ಮಗಳು

ನನ್ನ ತಾಯಿಯವರು ಮೂತ್ರಪಿಂಡದ ಕಾಯಿಲೆಯಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಅವರಿಗೆ ನಶೆಯಿಲ್ಲ, ಹಚ್ಚೆಯಿಲ್ಲ, ಊರು ದಾಟಿದವರೂ ಅಲ್ಲ. ಆರು ತಿಂಗಳಿಗೊಮ್ಮೆ ಮಾಡುವ ಪರೀಕ್ಷೆಯಲ್ಲಿ ಒಂದು ಸಲ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. ಆ ಕೇಂದ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧದ ಒಂದೇ ಬಾಟಲಿಯನ್ನು ಹಲವು ರೋಗಿಗಳಿಗೆ ಬಳಸುತ್ತಿದ್ದರು, ಸಿಬ್ಬಂದಿ ಕೈಗವಸು ಬದಲಿಸದೆ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ನಾನು ಕೇಳಿದಾಗ "ನಿಮ್ಮ ಅಮ್ಮನಿಗೆ ಹೊರಗಿನಿಂದ ಬಂದಿದೆ" ಎಂದರು. ಅರವತ್ತು ದಾಟಿದ, ಹಾಸಿಗೆ ಬಿಟ್ಟು ಏಳಲಾರದ ಹೆಂಗಸಿಗೆ ಹೊರಗಿನಿಂದ ಎಲ್ಲಿಂದ ಬರಬೇಕು? ಅಪಾಯದ ನಡವಳಿಕೆ ಎಂದು ರೋಗಿಯ ಹೆಸರಿನ ಮುಂದೆ ಬರೆಯುವುದಾದರೆ, ಕೈಗವಸು ಬದಲಿಸದವರ ನಡವಳಿಕೆಯನ್ನು ಎಲ್ಲಿ ಬರೆಯುತ್ತಾರೆ?

ಡಯಾಲಿಸಿಸ್‌ನಲ್ಲಿ ಇರುವವರೂ ಈಗಿನ ಔಷಧ ತೆಗೆದುಕೊಳ್ಳಬಹುದು. ತಾಯಿಯವರ ರಕ್ತದಲ್ಲಿ ಈಗ ವೈರಾಣು ಇಲ್ಲ.

ಹಳೆಯ ಪತ್ರಿಕೆ

ಗೋಕಾಕ ತಂಗಿಯ ಪ್ರಶ್ನೆಗೆ ಇತಿಹಾಸವೇ ಬೆಂಬಲವಾಗಿದೆ. 1950ರ ದಶಕದಿಂದ 80ರ ದಶಕದ ಆರಂಭದವರೆಗೆ ಈಜಿಪ್ಟಿನಲ್ಲಿ ಬಸವನಹುಳುಗಳಿಂದ ಹರಡುವ ಶಿಸ್ಟೊಸೋಮಿಯಾಸಿಸ್ ರೋಗಕ್ಕೆ ಸರ್ಕಾರವೇ ಹಳ್ಳಿಹಳ್ಳಿಗಳಲ್ಲಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಮತ್ತೆ ಬಳಸಿದ್ದರಿಂದ ಜಗತ್ತಿನಲ್ಲಿಯೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶ ಅದಾಯಿತು. ಆ ರೈತರು ಮಾಡಿದ್ದು ಸರ್ಕಾರದ ಮಾತು ಕೇಳಿ ತೋಳು ಚಾಚಿದ್ದು ಮಾತ್ರ. ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ಆ ಶೋಧಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಬಂತು. ಅದೇ ಈಜಿಪ್ಟ್ 2018ರಿಂದ ಕೋಟ್ಯಂತರ ಜನರನ್ನು ಪರೀಕ್ಷಿಸಿ ಉಚಿತ ಚಿಕಿತ್ಸೆ ಕೊಟ್ಟು ರೋಗವನ್ನು ತಗ್ಗಿಸಿ ತೋರಿಸಿತು.

ನಮ್ಮ ದೇಶದ್ದೂ ಕೇಳಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮವು ಪ್ರದೇಶದಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಕಂಡಾಗ, ಸೈಕಲ್ ಮೇಲೆ ಬಂದು ಕಡಿಮೆ ಹಣಕ್ಕೆ ಸೂಜಿ ಚುಚ್ಚುತ್ತಿದ್ದ ನಕಲಿ ವೈದ್ಯನ ಹೆಸರು ಹೊರಬಂತು. ವೈರಾಣು ಬೇರೆಯಾದರೂ ದಾರಿ ಒಂದೇ. ರಕ್ತದ ವಿಷಯದಲ್ಲಿ ಮಾತ್ರ ನಾವು ಮುಂದೆ ಬಂದಿದ್ದೇವೆ: ಹಣಕ್ಕಾಗಿ ರಕ್ತ ಮಾರುವುದು 1998ರಿಂದ ನಿಷೇಧವಾಯಿತು, ಆನಂತರ ದಾನಿಗಳ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಯಿತು. ಅದಕ್ಕೂ ಮುಂಚೆ ರಕ್ತ ಪಡೆದವರು ಇಂದಿಗೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ತಾಳಿಕೋಟೆ ಸೊಸೆ

ಮಾಸ್ತರರ ಅಕ್ಕನ ಪರವಾಗಿ ಕೇಳುತ್ತೇನೆ. ಗಂಡನಿಂದ ಹೆಂಡತಿಗೆ ಬರುತ್ತದೆಯೇ? ಆಕೆ ಬಸುರಿಯಾದರೆ ಮಗುವಿಗೆ?

ಜಮಖಂಡಿ ಸಿಸ್ಟರ್

ತಂಗೀ, ಒಬ್ಬರಿಗೊಬ್ಬರೇ ಸಂಗಾತಿಯಾಗಿರುವ ಗಂಡ ಹೆಂಡಿರಲ್ಲಿ ಲೈಂಗಿಕ ಸಂಪರ್ಕದಿಂದ ಹೆಪಟೈಟಿಸ್ ಸಿ ದಾಟುವುದು ಬಹಳ ಅಪರೂಪ. ಹಲವು ಸಂಗಾತಿಗಳಿರುವವರಲ್ಲಿ, ಎಚ್‌ಐವಿ ಇರುವವರಲ್ಲಿ, ಅದರಲ್ಲಿಯೂ ಪುರುಷರೊಂದಿಗೆ ಸಂಪರ್ಕವಿರುವ ಪುರುಷರಲ್ಲಿ ಅಪಾಯ ಹೆಚ್ಚು, ಆದ್ದರಿಂದ ವೈದ್ಯರು ಆ ಪ್ರಶ್ನೆ ಕೇಳುತ್ತಾರೆ. ಆದರೂ ಅಕ್ಕನಿಗೆ ಪರೀಕ್ಷೆ ಮಾಡಿಸಬೇಕು; ಗಂಡನಿಗೆ ತಗುಲಿದ ದಾರಿಯಲ್ಲಿಯೇ, ಅಂದರೆ ಅದೇ ಊರಿನ ಅದೇ ಇಂಜೆಕ್ಷನ್‌ನಿಂದ, ಹೆಂಡತಿಗೂ ತಗುಲಿರಬಹುದು. ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿಗೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಆರರಷ್ಟು. ಎದೆಹಾಲಿನಿಂದ ಬರುವುದಿಲ್ಲ; ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ಮಾಯುವವರೆಗೆ ನಿಲ್ಲಿಸಬೇಕು.

ಪಾಲಿಕೆ ಕೆಲಸಗಾರ

ನಾವು ಕಸ ಎತ್ತುವವರು. ಖಾಸಗಿ ಕ್ಲಿನಿಕ್ಕುಗಳ ಮುಂದಿನ ಮನೆ ಕಸದ ಚೀಲದಲ್ಲಿ ಸೂಜಿ ಸಿಗುತ್ತವೆ, ಕೈಗೆ ಚುಚ್ಚುತ್ತವೆ. ನಮ್ಮನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಬಾಗಲಕೋಟೆ ಲ್ಯಾಬ್

ಅಣ್ಣಾ, ನಿಮ್ಮನ್ನು ಪಟ್ಟಿಯ ಮೊದಲ ಸಾಲಿನಲ್ಲಿಯೇ ಸೇರಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿಗಳು ತೂತು ಬೀಳದ ಬಿಳಿ ಡಬ್ಬಿಗೆ ಹೋಗಬೇಕು, ಮನೆ ಕಸಕ್ಕೆ ಎಂದೂ ಬೀಳಬಾರದು. ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಿಂದ ತೊಳೆಯಿರಿ, ಅಂದೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಬೇಕು, ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ತಡೆಯುವ ಮಾತ್ರೆಯೂ ಇಲ್ಲ. ಆದ್ದರಿಂದ ಅಂದೇ ಒಂದು ಪರೀಕ್ಷೆ, ಮೂರರಿಂದ ಆರು ವಾರದೊಳಗೆ ಆರ್‌ಎನ್‌ಎ, ನಾಲ್ಕರಿಂದ ಆರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಬೇಕು.

ಮುದ್ದೇಬಿಹಾಳ ಮಾಸ್ತರ

ಎಲ್ಲರಿಗೂ ಕೃತಜ್ಞತೆ. ತಟ್ಟೆ ಲೋಟಗಳು ಒಂದಾದವು. ರಕ್ತ ಕೇಂದ್ರಕ್ಕೆ ಫೋನ್ ಮಾಡಿ ತಿಳಿಸಿದ್ದೇನೆ, ಅವರು ಚೀಲದ ಸಂಖ್ಯೆ ಬರೆದುಕೊಂಡರು.

ಸಿಸ್ಟರ್ ಹೇಳಿದಂತೆ, ಭಾವನವರೊಬ್ಬರನ್ನೇ ಹೊಲದ ಕಡೆ ಕರೆದುಕೊಂಡು ಹೋಗಿ ಚರ್ಮ ದಾಟಿದ ಉಪಕರಣಗಳ ಮಾತು ತೆಗೆದೆ. ಅವರು ತಾವಾಗಿಯೇ ಒಂದೊಂದನ್ನು ಹೇಳುತ್ತಾ ಹೋದರು: ಹಂಗಾಮಿನಲ್ಲಿ ಸೊಂಟ ಹಿಡಿದಾಗ ಪಕ್ಕದ ಊರಿನಲ್ಲಿ ಹಲವು ಸಲ ಇಂಜೆಕ್ಷನ್, ಎರಡು ಸಲ ಸಲಾಯಿನ್, ಕಾರ್ಖಾನೆಯ ಮುಂದೆ ಪಾಳಿಗೆ ನಿಂತಾಗ ಮರದ ಕೆಳಗೆ ದಾಡಿ, ಅಳಿಯನ ಮದುವೆಯ ಗುಗ್ಗಳದಲ್ಲಿ ಶಸ್ತ್ರ, ಒಂದು ಹಲ್ಲು ಕೀಳಿಸಿದ್ದು. ಇನ್ನೊಂದು ವಿಷಯವನ್ನೂ ಹೇಳಿದರು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರೇ ಸಮಾಲೋಚಕರ ಬಳಿ ಹೇಳಿಕೊಂಡಿದ್ದಾರೆ. ಇವುಗಳಲ್ಲಿ ಯಾವುದು ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಇಂಜೆಕ್ಷನ್ನಿನ ಮೇಲೆಯೇ ಹೆಚ್ಚು ಸಂಶಯ ಎಂದು ವೈದ್ಯರು ಹೇಳಿದರು. ಅಕ್ಕನ ಮೊದಲ ಪರೀಕ್ಷೆ ನೆಗೆಟಿವ್ ಬಂದಿದೆ.

ಚಿಕಿತ್ಸೆಯ ಖರ್ಚು ಮತ್ತು ಆ ಇಂಜೆಕ್ಷನ್ ಕೊಡುವವನ ವಿಷಯದಲ್ಲಿ ಏನು ಮಾಡಬೇಕು ಎಂಬೆರಡು ಪ್ರಶ್ನೆಗಳು ಉಳಿದಿವೆ.

ಹಳೆಯ ಪತ್ರಿಕೆ

ಖರ್ಚಿಗೆ ಹೆದರಬೇಡಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ವಿಚಾರಿಸಿ. ಸೊಫೊಸ್ಬುವಿರ್ ಜೊತೆಗೆ ಡಕ್ಲಟಾಸ್ವಿರ್ ಅಥವಾ ವೆಲ್‌ಪಟಾಸ್ವಿರ್ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ತೆಗೆದುಕೊಂಡರೆ ನೂರಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ವೈರಾಣು ಪೂರ್ತಿ ಹೋಗುತ್ತದೆ. ತಾನಾಗಿ ಹೋಗುತ್ತದೆಯೇ ಎಂದು ಆರು ತಿಂಗಳು ಕಾಯುವುದು ಹಿಂದಿನ ಪದ್ಧತಿ, ಈಗ ಕಾಯದೆ ಆರಂಭಿಸುವವರೂ ಇದ್ದಾರೆ. ಅದನ್ನು ಅವರ ವೈದ್ಯರು ನಿರ್ಧರಿಸಲಿ. ಗುಣವಾದ ಮೇಲೆ ಮತ್ತೆ ಅದೇ ಸೂಜಿಗೆ ತೋಳು ಕೊಟ್ಟರೆ ಮತ್ತೆ ಬರುತ್ತದೆ ಎಂಬುದನ್ನು ಮಾತ್ರ ಭಾವನವರಿಗೆ ತಿಳಿಸಿ.

ಅಥಣಿ ಕಬ್ಬು

ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆದು ಕೊಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಆದರೆ ಬಾಗಿಲು ಮುಚ್ಚಿಸಿದರೆ ಅವನು ಮುಂದಿನ ಊರಿನಲ್ಲಿ ಅಂಗಡಿ ತೆರೆಯುತ್ತಾನೆ. ಹಂಗಾಮಿನ ನಾಲ್ಕು ತಿಂಗಳಾದರೂ ಕಾರ್ಖಾನೆಗಳ ಹತ್ತಿರ ಸಂಜೆಯ ಹೊತ್ತಿನಲ್ಲಿ ಸರ್ಕಾರಿ ವೈದ್ಯರು ಸಿಗುವಂತೆ ಮಾಡಬೇಕೆಂದು ಅದೇ ಅರ್ಜಿಯಲ್ಲಿ ಬರೆಯಿರಿ. ನಾನೂ ಸಹಿ ಹಾಕುತ್ತೇನೆ.

ಜಮಖಂಡಿ ಸಿಸ್ಟರ್

ಅರ್ಜಿಗೆ ನನ್ನ ಸಹಿಯೂ ಇರಲಿ. ಅದಕ್ಕಿಂತ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯವರನ್ನು ಭೇಟಿಯಾಗಿ, ಭಾವನವರ ಹೆಸರು ಹೇಳದೆ, ಅದೇ ತಿಂಗಳುಗಳಲ್ಲಿ ಅಲ್ಲಿ ಸೂಜಿ ಮಾಡಿಸಿಕೊಂಡವರ ಪಟ್ಟಿ ಮಾಡಿಸಿ. ಊರು ಬಿಟ್ಟು ಹೋದ ಗ್ಯಾಂಗಿನವರನ್ನೂ ಅವರ ಮೇಸ್ತ್ರಿಗಳಾದ ಮುಕಾದಮರ ಮೂಲಕ ಸೇರಿಸಿಕೊಳ್ಳಿ. ಅವರಿಗೆಲ್ಲ ಈಗ ಒಮ್ಮೆ, ಕೊನೆಯ ಇಂಜೆಕ್ಷನ್ ಆಗಿ ಆರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷೆಯಾಗಬೇಕು.